ಅಳಿಸುವ ಮೊದಲು ಕೇಳಬೇಕಾದ ಪ್ರಶ್ನೆ

ನಾಟಕ, ಸಿನಿಮಾ ನೋಡುವುದಕ್ಕೂ ಅಭ್ಯಾಸ ಬೇಕು ಎಂಬುದನ್ನು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಊರ ಜನಕ್ಕೆ ದಶಕಗಳ ಹಿಂದೆಯೇ ಮನವರಿಕೆ ಮಾಡಿಕೊಟ್ಟಿತು. ಕಥೆ, ಕವಿತೆ, ಯಕ್ಷಗಾನದ ಪದ್ಯ, ತಾಳಮದ್ದಲೆಯ ಅರ್ಥ ಎಲ್ಲದಕ್ಕೂ ಈ ಸೀಮೆಯಲ್ಲಿ ವಿಮರ್ಶಕರಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಂದ ಹೋದ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ದಿನವಿಡೀ ಓದಿ ಬರೆಯುವ ಇನ್ನೊಂದು ಬಗೆಯ ಬರಹ ಮಾತ್ರ ವಿಮರ್ಶೆಯಿಂದ ದೂರವೇ ಉಳಿದಿದೆ. ಕಂಪ್ಯೂಟರ್ ಕೋಡನ್ನು ‘ಓಡುತ್ತದೆ’, ‘ಓಡುವುದಿಲ್ಲ’ ಎಂದು ಅಳೆಯುತ್ತೇವೆಯೇ ಹೊರತು, ಅದರ ಹಿಂದಿನ ವಿಚಾರ ಸರಿಯೋ ತಪ್ಪೋ ಎಂದು ಕನ್ನಡದಲ್ಲಿ ಚರ್ಚಿಸುವುದು ಅಪರೂಪ. ಇಲ್ಲಿ ಒಂದು ಸಣ್ಣ ತುಣುಕನ್ನು ಹಾಗೆ ಚರ್ಚೆಗೆ ಎಳೆಯುತ್ತೇನೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತಾನು ಸೃಷ್ಟಿಸಿದ ವಸ್ತುಗಳನ್ನು ಹೇಗೆ, ಯಾವಾಗ ಅಳಿಸುತ್ತದೆ ಎಂಬುದು ವಿಷಯ. ನಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನ ಅಡಿಪಾಯವೂ ಇದೇ ಕರ್ನಲ್ ಆದ್ದರಿಂದ ವಿಷಯ ತೋರುವಷ್ಟು ದೂರದ್ದೇನಲ್ಲ.

ಸಮಸ್ಯೆ ಏನೆಂದು ತಿಳಿಯಲು ಹೊಸನಗರದ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ ಸಾಕು. ಪಹಣಿಯನ್ನೋ ಅರ್ಜಿಯನ್ನೋ ಪ್ರಿಂಟ್ ತೆಗೆಸಲು ಬಂದವರು, ಬಸ್ಸು ಹಾರ್ನ್ ಹೊಡೆದ ಕೂಡಲೇ ಪೆನ್‌ಡ್ರೈವ್ ಕಿತ್ತುಕೊಂಡು ಓಡುತ್ತಾರೆ. ಪರದೆಯ ಮೇಲೆ ಫೈಲ್ ಇನ್ನೂ ತೆರೆದೇ ಇರುತ್ತದೆ. ಆ ಕಂಪ್ಯೂಟರಿನಲ್ಲಿರುವುದು ಲಿನಕ್ಸ್ ಎಂದುಕೊಳ್ಳೋಣ. ಪೆನ್‌ಡ್ರೈವ್ ಸಿಕ್ಕಿಸಿದಾಗ ಕರ್ನಲ್ ತನ್ನ ಮೆಮೊರಿಯಲ್ಲಿ ಯುಎಸ್‌ಬಿ ಸಾಧನಕ್ಕೊಂದು, ಡಿಸ್ಕಿಗೊಂದು, ಫೈಲ್ ಸಿಸ್ಟಮ್ಮಿಗೊಂದು, ತೆರೆದ ಫೈಲಿಗೊಂದು ಹೀಗೆ ಹಲವು ಆಬ್ಜೆಕ್ಟುಗಳನ್ನು ಕಟ್ಟಿತ್ತು. ಈಗ ಸಾಧನ ಬಸ್ ಹತ್ತಿದೆ, ಫೈಲನ್ನು ಹಿಡಿದ ಪ್ರೋಗ್ರಾಂ ಅಂಗಡಿಯಲ್ಲೇ ಇದೆ. ಸಾಧನ ಹೋಯಿತೆಂದು ಕರ್ನಲ್ ಎಲ್ಲವನ್ನೂ ಒಮ್ಮೆಗೇ ಅಳಿಸಿದರೆ, ಪ್ರೋಗ್ರಾಂ ಮುಂದಿನ ಸಲ ಓದಲು ಹೊರಟಾಗ ಕೈ ಹಾಕುವ ಜಾಗ ಅಷ್ಟರಲ್ಲಿ ಬೇರೆ ಯಾರಿಗೋ ಹಂಚಿಕೆಯಾಗಿರಬಹುದು. ಯಾವುದನ್ನೂ ಅಳಿಸದಿದ್ದರೆ ಮೆಮೊರಿ ಸೋರುತ್ತಲೇ ಹೋಗುತ್ತದೆ.

ಸಾಮಾನ್ಯ ಪ್ರೋಗ್ರಾಮಿಗೆ ಈ ಚಿಂತೆ ಅರ್ಧದಷ್ಟೇ. ಅದು ಮುಗಿದಾಗ ಅಥವಾ ಕುಸಿದಾಗ, ಅದು ಬಳಸಿದ್ದನ್ನೆಲ್ಲ ಕರ್ನಲ್ ಬಂದು ಗುಡಿಸಿಕೊಂಡು ಹೋಗುತ್ತದೆ. ಕರ್ನಲ್ಲಿನ ಹಿಂದೆ ಗುಡಿಸುವವರು ಯಾರೂ ಇಲ್ಲ. ಅಲ್ಲಿ ಸೋರಿದ್ದು ರೀಸ್ಟಾರ್ಟ್ ಆಗುವವರೆಗೂ ಸೋರಿದ್ದೇ. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೆ ಅದೃಷ್ಟವಿದ್ದರೆ ಯಂತ್ರ ನಿಲ್ಲುತ್ತದೆ, ಇಲ್ಲದಿದ್ದರೆ ಕಳ್ಳನೊಬ್ಬನಿಗೆ ಇಡೀ ಯಂತ್ರದ ಬೀಗದ ಕೈ ಸಿಗುತ್ತದೆ. ಲಿನಕ್ಸ್ ಈ ಅಪಾಯವನ್ನು ಎದುರಿಸಲು ಕಂಡುಕೊಂಡ ಪದ್ಧತಿಗಳನ್ನು ನಾನು ಒಂದೇ ಅಳತೆಗೋಲಿನಲ್ಲಿ ನೋಡಲು ಬಯಸುತ್ತೇನೆ. ‘ಪಡೆದದ್ದನ್ನೆಲ್ಲ ಹಿಂದಿರುಗಿಸಿದೆವೇ?’ ಎಂಬ ಪ್ರಶ್ನೆ ಎಲ್ಲ ಪದ್ಧತಿಗಳಲ್ಲೂ ಇದೆ. ‘ಇದನ್ನು ಇನ್ನೂ ಯಾರಾದರೂ ನೋಡುತ್ತಿದ್ದಾರೆಯೇ?’ ಎಂಬ ಎರಡನೆಯ ಪ್ರಶ್ನೆ ಎಲ್ಲದರಲ್ಲೂ ಇಲ್ಲ. ಎರಡನೆಯದನ್ನು ಕೇಳುವ ಪದ್ಧತಿಯೇ ಗಟ್ಟಿ ಎಂಬುದು ನನ್ನ ವಾದ.

ಎಲ್ಲಕ್ಕಿಂತ ಹಳೆಯದು ‘ಗೋಟು’ ಮೆಟ್ಟಿಲು. ಒಂದು ಫಂಕ್ಷನ್ ಮೂರು ಸಂಪನ್ಮೂಲಗಳನ್ನು ಒಂದಾದ ಮೇಲೊಂದು ಪಡೆಯುತ್ತದೆ. ಮೂರನೆಯದು ಸಿಗದಿದ್ದರೆ ಎರಡನೆಯದನ್ನು, ಆಮೇಲೆ ಮೊದಲನೆಯದನ್ನು ಬಿಡಬೇಕು. ಇದಕ್ಕಾಗಿ ಫಂಕ್ಷನ್ನಿನ ಕೊನೆಯಲ್ಲಿ ಹತ್ತಿದ ಕ್ರಮಕ್ಕೆ ತಿರುಗುಮುರುಗಾಗಿ ಇಳಿಯುವ ಸಾಲುಗಳಿರುತ್ತವೆ, ಎಲ್ಲಿ ಎಡವಿದೆವೋ ಅಲ್ಲಿಂದ ‘ಗೋಟು’ ಆದೇಶದ ಮೂಲಕ ಆ ಸಾಲಿಗೆ ಜಿಗಿಯುತ್ತೇವೆ. ಕಾಲೇಜಿನಲ್ಲಿ ‘ಗೋಟು ಬಳಸಬೇಡಿ’ ಎಂದು ಕಲಿತು ಬಂದವರಿಗೆ ಇದು ಅಪಚಾರವೆನಿಸಬಹುದು. ಆದರೂ ನೇರವಾಗಿ ಓದಿಸಿಕೊಳ್ಳುವ, ಮುಚ್ಚುಮರೆಯಿಲ್ಲದ ಬರವಣಿಗೆ ಅದು. ಅದರ ದೋಷ ಬರೆಯುವವರ ಶಿಸ್ತಿನ ಮೇಲೆ ಪೂರಾ ನಿಂತಿರುವುದು. ಮೂರು ವರ್ಷದ ನಂತರ ಯಾರೋ ನಡುವೆ ನಾಲ್ಕನೆಯ ಸಂಪನ್ಮೂಲ ಸೇರಿಸಿ ಇಳಿಯುವ ಮೆಟ್ಟಿಲು ಸೇರಿಸಲು ಮರೆತರೆ ಕಂಪೈಲರ್ ಚಕಾರ ಎತ್ತುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೆಟ್ಟಿಲಿಗೆ ಮೊದಲ ಪ್ರಶ್ನೆ ಮಾತ್ರ ಗೊತ್ತು. ನಾನು ಪಡೆದದ್ದನ್ನು ನಾನೇ ಬಿಡುತ್ತೇನೆ ಎನ್ನುತ್ತದೆ. ನಡುವೆ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದರೆ ಏನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಹಲವರ ಕೈಯಲ್ಲಿರುವ ವಸ್ತುವಿಗೆ ಲಿನಕ್ಸ್ ಕೊಟ್ಟ ಉತ್ತರ ಎಣಿಕೆ. ಎಷ್ಟು ಜನ ಹಿಡಿದಿದ್ದಾರೆ ಎಂಬ ಸಂಖ್ಯೆಯನ್ನು ವಸ್ತುವಿನೊಳಗೇ ಇಟ್ಟು, ಅದು ಸೊನ್ನೆಗಿಳಿದಾಗ ಅಳಿಸುವುದು. ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ಬಂದಂತೆ ಎಣಿಸುತ್ತಿದ್ದ ಕಾಲದಲ್ಲಿ, ಗ್ರೆಗ್ ಕ್ರೋ-ಹಾರ್ಟ್‌ಮನ್ 2004ರಲ್ಲಿ ‘ಕೆರೆಫ್’ ಎಂಬ ಪುಟ್ಟ ಸಾಮಾನ್ಯ ರೂಪವನ್ನು ತಂದರು. ಅದರ ನಿಯಮ ಮೂರೇ. ಪಾಯಿಂಟರನ್ನು, ಅಂದರೆ ವಸ್ತುವಿನ ವಿಳಾಸವನ್ನು, ಇನ್ನೊಬ್ಬರಿಗೆ ದಾಟಿಸುವ ಮೊದಲು ಎಣಿಕೆ ಏರಿಸಬೇಕು. ಕೆಲಸ ಮುಗಿದ ಮೇಲೆ ಇಳಿಸಬೇಕು. ಈಗಾಗಲೇ ವಸ್ತುವನ್ನು ಹಿಡಿದಿರದವರು ಹೊಸದಾಗಿ ಹಿಡಿಯಲು ಬಂದರೆ, ಅದೇ ಗಳಿಗೆಯಲ್ಲಿ ಕೊನೆಯವರು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಮೊದಲೆರಡು ಯಾರಿಗಾದರೂ ಅರ್ಥವಾಗುತ್ತವೆ. ಬಹುಪಾಲು ಜನ ಎಡವುವುದು ಮೂರನೆಯದರಲ್ಲಿ. ಪಟ್ಟಿಯಲ್ಲಿ ಹುಡುಕಿ ವಸ್ತುವನ್ನು ಕಂಡೆ, ಎಣಿಕೆ ಏರಿಸಬೇಕೆನ್ನುವಷ್ಟರಲ್ಲಿ ಅದು ಸೊನ್ನೆಯಾಗಿ ಅಳಿಸಿಹೋಗಿದೆ. ಎಣಿಕೆಯ ಅಂಕಿಯೇ ಅಳಿದ ಮೆಮೊರಿಯಲ್ಲಿರುವಾಗ ಅದನ್ನು ನಂಬುವುದು ಹೇಗೆ?

ಈ ವಿಷಯದಲ್ಲಿ ಕರ್ನಲ್ ಸಮುದಾಯ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಅದರ ದಸ್ತಾವೇಜೇ ಸಾಕ್ಷಿ. ಕೊನೆಯ ಎಣಿಕೆ ಇಳಿದಾಗ ಓಡಬೇಕಾದ ‘ರಿಲೀಸ್’ ಫಂಕ್ಷನ್ ಇಲ್ಲದಿದ್ದರೆ ಕರ್ನಲ್ ಎಚ್ಚರಿಸುತ್ತದೆ. ಆ ಎಚ್ಚರಿಕೆಯ ಬಾಯಿ ಮುಚ್ಚಿಸಲು ಖಾಲಿ ಫಂಕ್ಷನ್ ಬರೆದು ಕೊಟ್ಟವರನ್ನು ದಯೆಯಿಲ್ಲದೆ ಗೇಲಿ ಮಾಡಲಾಗುವುದು ಎಂಬರ್ಥದ ಮಾತು ಅದರಲ್ಲಿ ಬಹುಕಾಲ ಇತ್ತು. ಗೇಲಿಯಿಂದ ಬಗ್ ತಪ್ಪುವುದಿಲ್ಲ. 2016ರ ಜನವರಿಯಲ್ಲಿ ಬಯಲಾದ ಸಿವಿಇ-2016-0728 ಎಂಬ ದೋಷ ಎಣಿಕೆಯ ಬಡತನವನ್ನು ತೋರಿಸಿಕೊಟ್ಟಿತು. ಕೀ-ರಿಂಗ್ ವಿಭಾಗದ ಒಂದು ದಾರಿಯಲ್ಲಿ ಎಣಿಕೆ ಏರುತ್ತಿತ್ತು, ಇಳಿಯುತ್ತಿರಲಿಲ್ಲ. ಮೇಲ್ನೋಟಕ್ಕೆ ಇದು ಬರೀ ಸೋರಿಕೆ. ಆದರೆ ಎಣಿಕೆಯ ಅಂಕಿ 32 ಬಿಟ್‌ನದು. ಅದೇ ಕರೆಯನ್ನು ಸುಮಾರು 429 ಕೋಟಿ ಸಲ ಮಾಡಿದರೆ ಅಂಕಿ ಒಂದು ಸುತ್ತು ಹಾಕಿ ಸೊನ್ನೆಗೆ ಬರುತ್ತದೆ, ಹತ್ತಾರು ಕೈಗಳಲ್ಲಿರುವಾಗಲೇ ವಸ್ತು ಅಳಿಸಿಹೋಗುತ್ತದೆ. 3.8 ಆವೃತ್ತಿಯಿಂದಲೂ ಇದ್ದ ದೋಷವಿದು. ಪರಿಹಾರವಾಗಿ 2017ರ 4.11 ಆವೃತ್ತಿಯಲ್ಲಿ ‘ರೆಫ್‌ಕೌಂಟ್-ಟಿ’ ಬಂತು. ಅಂಕಿ ಮಿತಿ ಮೀರುವ ಲಕ್ಷಣ ಕಂಡರೆ ಅದು ಒಂದೆಡೆ ಅಂಟಿಕೊಂಡು ನಿಲ್ಲುತ್ತದೆ, ಆ ವಸ್ತುವನ್ನು ಮುಂದೆಂದೂ ಅಳಿಸುವುದಿಲ್ಲ. ಅಕಾಲದಲ್ಲಿ ಅಳಿಸುವುದಕ್ಕಿಂತ ಸೋರಿದರೂ ಚಿಂತೆಯಿಲ್ಲ ಎಂಬ ಈ ಆಯ್ಕೆ ವಿವೇಕದ್ದು. ಬರೆಯುವವರು ತಪ್ಪುತ್ತಾರೆ ಎಂದು ಮೊದಲೇ ಒಪ್ಪಿಕೊಂಡು ರೂಪಿಸಿದ ಪದ್ಧತಿ ಎಂಬುದೇ ಅದರ ಹೆಚ್ಚುಗಾರಿಕೆ.

ಎಣಿಕೆಯ ಮೂರನೆಯ ನಿಯಮದ ತೊಡಕಿಗೆ ನಾನು ಕಂಡ ಅತ್ಯಂತ ಸೊಗಸಾದ ಉತ್ತರದಲ್ಲಿ ಕರ್ನಾಟಕದ ಪಾಲು ದೊಡ್ಡದು. ಅದರ ಹೆಸರು ಆರ್‌ಸಿಯು, ಬಿಡಿಸಿ ಹೇಳಿದರೆ ರೀಡ್-ಕಾಪಿ-ಅಪ್‌ಡೇಟ್. ವಿಚಾರದ ಮೂಲ ಅಮೆರಿಕದ ಸೀಕ್ವೆಂಟ್ ಕಂಪನಿಯಲ್ಲಿ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ 1990ರ ದಶಕದಲ್ಲಿ ಮಾಡಿದ ಕೆಲಸ. 1999ರಲ್ಲಿ ಸೀಕ್ವೆಂಟನ್ನು ಐಬಿಎಂ ಕೊಂಡಿತು. ಲಿನಕ್ಸಿಗೆ ಅದನ್ನು ಒಗ್ಗಿಸುವಲ್ಲಿ ಮುಂದಿದ್ದವರು ಐಬಿಎಂನ ಬೆಂಗಳೂರು ಲಿನಕ್ಸ್ ತಂಡದ ದೀಪಂಕರ್ ಸರ್ಮಾ. 2002ರ ಅಕ್ಟೋಬರಿನಲ್ಲಿ 2.5.43 ಆವೃತ್ತಿಯೊಂದಿಗೆ ಆರ್‌ಸಿಯು ಲಿನಕ್ಸ್ ಸೇರಿತು. ಆ ಕಡತದ ತಲೆಬರಹದಲ್ಲಿ ಬರೆದವರೆಂದು ಸರ್ಮಾ ಅವರ ಹೆಸರಿದೆ. ಮರುವರ್ಷವೇ ಅವರು ಮತ್ತು ಸಹೋದ್ಯೋಗಿ ಮನೀಶ್ ಸೋನಿ ಫೈಲ್ ಹೆಸರುಗಳ ಹುಡುಕಾಟಕ್ಕೆ ಆರ್‌ಸಿಯು ಅಳವಡಿಸಿದರು. ಯಂತ್ರದಲ್ಲಿ ಯಾವ ಫೈಲ್ ತೆರೆದರೂ ಹಾಯಬೇಕಾದ ದಾರಿ ಅದು.

ಆರ್‌ಸಿಯುವಿನ ಹೂರಣ ಇಷ್ಟು: ಕಣ್ಮರೆ ಮಾಡುವುದು ಬೇರೆ, ಅಳಿಸುವುದು ಬೇರೆ. ಮೊದಲು ವಸ್ತುವನ್ನು ಪಟ್ಟಿಯಿಂದ ಕಳಚುತ್ತಾರೆ. ಇನ್ನು ಹೊಸಬರಿಗೆ ಅದು ಸಿಗದು. ಆದರೆ ಕಳಚುವ ಮೊದಲೇ ಅದನ್ನು ಕಂಡು ಓದುತ್ತಿರುವವರು ಇರಬಹುದು. ಅವರೆಲ್ಲ ಓದಿ ಮುಗಿಸುವವರೆಗೆ ಕಾದು, ಆಮೇಲೆ ಮೆಮೊರಿ ಬಿಡುತ್ತಾರೆ. ಓದುವವರು ಎಣಿಕೆ ಏರಿಸಬೇಕಿಲ್ಲ, ಲಾಕ್ ಹಿಡಿಯಬೇಕಿಲ್ಲ. ಹಾಗಾದರೆ ಅವರು ಮುಗಿಸಿದ್ದು ತಿಳಿಯುವುದು ಹೇಗೆ? ಓದುವ ನಡುವೆ ನಿದ್ದೆ ಹೋಗಬಾರದು ಎಂಬ ಒಂದೇ ಕರಾರಿದೆ. ಹಾಗಾಗಿ ಪ್ರತಿಯೊಂದು ಸಿಪಿಯು ಒಂದು ಕೆಲಸದಿಂದ ಇನ್ನೊಂದಕ್ಕೆ ಒಮ್ಮೆ ಹೊರಳಿತು ಎಂದರೆ, ಹಳೆಯ ಓದುಗರೆಲ್ಲ ಮುಗಿಸಿದ್ದಾರೆ ಎಂದೇ ಅರ್ಥ. ಯಾರನ್ನೂ ಎಣಿಸದೆ ಎಲ್ಲರೂ ಹೋದರೆಂದು ತಿಳಿಯುವ ಈ ಉಪಾಯದಲ್ಲಿ ಎರಡನೆಯ ಪ್ರಶ್ನೆ ಕೊನೆಗೆ ಅಂಟಿಸಿದ್ದಲ್ಲ, ಕಟ್ಟಡದ ನಡುಗಂಬವೇ ಅದು.

ಅಳಿಸುವ ಕೆಲಸವನ್ನು ಹೀಗೆ ಮುಂದೂಡಿದಾಗ ಇನ್ನೊಂದು ಸೂಕ್ಷ್ಮ ಹುಟ್ಟುತ್ತದೆ. ಒಂದು ಡ್ರೈವರ್ ಮಾಡ್ಯೂಲ್ ‘ಕಾಲ ಬಂದಾಗ ಈ ಫಂಕ್ಷನ್ ಕರೆದು ಅಳಿಸಿ’ ಎಂದು ಹೇಳಿಟ್ಟು ತಾನೇ ಕರ್ನಲ್ಲಿನಿಂದ ಇಳಿದುಹೋಯಿತು ಎನ್ನಿ. ಕಾಲ ಬಂದಾಗ ಅಳಿಸಬೇಕಾದ ಫಂಕ್ಷನ್ನೇ ಅಲ್ಲಿರುವುದಿಲ್ಲ. ಇದಕ್ಕೆ ಸರ್ಮಾ ಬರೆದ ಆರ್‌ಸಿಯು ಬ್ಯಾರಿಯರ್ ಬಾಕಿಯಿರುವ ಅಂಥ ಕರೆಗಳೆಲ್ಲ ತೀರುವವರೆಗೆ ಮಾಡ್ಯೂಲನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ಅದರ ತರ್ಕ ಚಿಕ್ಕದು. ಒಂದು ಸಿಪಿಯುವಿನ ಸರದಿಯಲ್ಲಿ ಕರೆಗಳು ಹಿಂದುಮುಂದಾಗುವುದಿಲ್ಲ. ಆದ್ದರಿಂದ ಪ್ರತಿ ಸರದಿಯ ಬಾಲಕ್ಕೂ ತನ್ನದೊಂದು ಕರೆ ಸೇರಿಸಿ, ಅವೆಲ್ಲ ಬಂದುಮುಟ್ಟಿದವೆಂದರೆ ಅವುಗಳಿಗೆ ಮುಂಚಿನವೆಲ್ಲ ಮುಗಿದಂತೆ. ಅಳಿಸುವವರ ಆಯುಷ್ಯ ಅಳಿಯುವುದಕ್ಕಿಂತ ಉದ್ದವಿರಬೇಕು ಎಂಬ ಸರಳ ಸತ್ಯವನ್ನು ಕೋಡಿನಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನಾನು ಬೇರೆಡೆ ಕಂಡಿಲ್ಲ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಕೆ-ಪ್ರೋಬ್ಸ್ ಎಂಬ ಭಾಗವನ್ನು ಓದಬೇಕು. ಓಡುತ್ತಿರುವ ಕರ್ನಲ್ಲಿನ ಬೇಕಾದ ಜಾಗದಲ್ಲಿ ಒಬ್ಬ ಗೂಢಚಾರನನ್ನು ಕೂರಿಸುವ ಸೌಲಭ್ಯ ಇದು. 2002ರಲ್ಲಿ ವಂಶಿಕೃಷ್ಣ ಎಸ್. ಆರಂಭಿಸಿದ್ದನ್ನು ಐಬಿಎಂ ಇಂಡಿಯಾದ ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ, ಅನಂತ್ ಮಾವಿನಕಾಯನಹಳ್ಳಿ ಮೊದಲಾದವರು ಬೆಳೆಸಿದರು. 2004ರ 2.6.9 ಆವೃತ್ತಿಯಲ್ಲಿ ಅದು ಲಿನಕ್ಸಿನ ಭಾಗವಾಯಿತು. ಗುರುತಿಸಿದ ಜಾಗದ ಆದೇಶವನ್ನು ಎತ್ತಿಟ್ಟು, ಅಲ್ಲಿ ‘ನಿಲ್ಲು’ ಎನ್ನುವ ಒಂದು ಬೈಟ್ ಇಡುತ್ತಾರೆ. ಸಿಪಿಯು ಅದನ್ನು ತುಳಿದಾಗ ಕೆ-ಪ್ರೋಬ್ಸ್ ಕೈಗೆ ನಿಯಂತ್ರಣ ಬರುತ್ತದೆ. ನೋಡಬೇಕಾದ್ದನ್ನು ನೋಡಿ, ಎತ್ತಿಟ್ಟ ಆದೇಶವನ್ನು ಓಡಿಸಿ, ಏನೂ ಆಗದವರಂತೆ ಮುಂದೆ ಕಳಿಸುತ್ತಾರೆ. ಮೊದಮೊದಲು ಎಲ್ಲ ಪ್ರೋಬುಗಳಿಗೂ ಸೇರಿ ಒಂದೇ ಲಾಕ್ ಇತ್ತು. ಒಂದು ಸಿಪಿಯು ಒಂದು ಪ್ರೋಬ್ ತುಳಿದರೆ, ಬೇರೆಲ್ಲೋ ಬೇರೆ ಪ್ರೋಬ್ ತುಳಿದ ಇನ್ನೊಂದು ಸಿಪಿಯು ಕಾಯಬೇಕಿತ್ತು. 2005ರ ಕೊನೆಯಲ್ಲಿ ಅನಂತ್ ಅವರ ಪ್ಯಾಚುಗಳು ಆ ಜಾಗಕ್ಕೆ ಆರ್‌ಸಿಯು ತಂದವು.

ಕೂರಿಸಿದ್ದನ್ನು ಎಬ್ಬಿಸುವ ಭಾಗ ಈ ಕೋಡಿನ ರಸಸ್ಥಾನ. ಮೊದಲು ಮೂಲ ಆದೇಶವನ್ನು ಸ್ವಸ್ಥಾನಕ್ಕೆ ಸೇರಿಸುತ್ತಾರೆ. ಆಮೇಲೆ ಪ್ರೋಬನ್ನು ಪಟ್ಟಿಯಿಂದ ಕಳಚುತ್ತಾರೆ. ಆಮೇಲೆ ಎಲ್ಲ ಸಿಪಿಯುಗಳೂ ಒಮ್ಮೆ ಹೊರಳುವವರೆಗೆ ಕಾಯುತ್ತಾರೆ. ಕೊನೆಗೆ ಎತ್ತಿಟ್ಟ ಆದೇಶದ ನಕಲಿದ್ದ ಜಾಗವನ್ನು ಬಿಟ್ಟುಕೊಡುತ್ತಾರೆ. ಈ ಕ್ರಮದಲ್ಲಿ ಒಂದನ್ನು ಹಿಂದುಮುಂದು ಮಾಡಿದರೂ ಯಂತ್ರ ಕುಸಿಯಬಹುದು. ಹೀಗಿದ್ದೂ ಒಂದು ಸಂದು ಉಳಿಯುತ್ತದೆ. ಒಂದು ಸಿಪಿಯು ‘ನಿಲ್ಲು’ ಬೈಟನ್ನು ತುಳಿದು ಇನ್ನೂ ದಾರಿಯಲ್ಲಿದೆ, ಅಷ್ಟರಲ್ಲಿ ಇನ್ನೊಂದು ಸಿಪಿಯು ಪ್ರೋಬನ್ನು ಕಿತ್ತಿದೆ. ಬಂದು ನೋಡಿದರೆ ಪಟ್ಟಿಯಲ್ಲಿ ಪ್ರೋಬೇ ಇಲ್ಲ. ಇಲ್ಲಿ ಗಾಬರಿ ಬೀಳದೆ, ತಾನು ತುಳಿದ ಜಾಗದಲ್ಲಿ ಆ ಬೈಟ್ ಈಗಲೂ ಇದೆಯೇ ಎಂದು ಕೋಡ್ ಮತ್ತೊಮ್ಮೆ ನೋಡುತ್ತದೆ. ಇಲ್ಲದಿದ್ದರೆ ಯಾರೋ ಈಗಷ್ಟೇ ತೆಗೆದಿದ್ದಾರೆ ಎಂದು ತಿಳಿದು, ಹಿಂದಕ್ಕೆ ಹೋಗಿ ಮೂಲ ಆದೇಶವನ್ನೇ ಓಡಿಸುತ್ತದೆ. ಬೇರೆಯವರ ಅಗಲಿಕೆಯ ನಡುವೆ ಸಿಕ್ಕಿಬಿದ್ದವರಿಗೂ ಗೌರವದ ದಾರಿಯೊಂದನ್ನು ತೆರೆದಿಟ್ಟ ಬರವಣಿಗೆ ಇದು.

ಹಾಗೆಂದು ಆರ್‌ಸಿಯುವಿಗೆ ಆರತಿ ಎತ್ತಿ ಮುಗಿಸುವಂತಿಲ್ಲ. ಮುಂದೂಡಿದ ಕೆಲಸಕ್ಕೆ ಬಡ್ಡಿ ಇದ್ದೇ ಇದೆ. 2005ರಲ್ಲಿ 2.6.14 ಸಿದ್ಧವಾಗುತ್ತಿದ್ದಾಗ ತೆರೆದ ಫೈಲುಗಳ ಆಬ್ಜೆಕ್ಟುಗಳನ್ನೂ ಆರ್‌ಸಿಯು ಮೂಲಕ ಬಿಡುವ ಏರ್ಪಾಡಾಗಿತ್ತು. ಒಂದು ಫೈಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುವ ಪುಟ್ಟ ಪ್ರೋಗ್ರಾಂ ಇಡೀ ಯಂತ್ರದ ಫೈಲ್ ಮಿತಿಯನ್ನು ಮುಟ್ಟಿಸಿಬಿಟ್ಟಿತು. ಮುಚ್ಚಿದ ಫೈಲುಗಳು ಅಳಿಯಲು ಸರದಿಯಲ್ಲಿ ನಿಂತಿದ್ದವು, ಒಂದು ಬಾರಿಗೆ ಹತ್ತನ್ನು ಮಾತ್ರ ತೀರಿಸುವ ಮಿತಿ ಇತ್ತು. ತುರ್ತಾಗಿ ಆ ಮಿತಿಯನ್ನು ಹತ್ತು ಸಾವಿರಕ್ಕೆ ಏರಿಸಿ ದಾರಿ ಮಾಡಿಕೊಂಡರು. ಇದಲ್ಲದೆ ಆರ್‌ಸಿಯು ಕಲಿಯಲು ಕಷ್ಟ. ಓದುವ ನಡುವೆ ನಿದ್ದೆ ಹೋಗಬಾರದೆಂಬ ಕರಾರನ್ನು ಮುರಿದರೆ ದೋಷ ಆಗಾಗ ಮಾತ್ರ ತಲೆ ಎತ್ತುತ್ತದೆ, ಹುಡುಕುವವರ ಜೀವ ತೆಗೆಯುತ್ತದೆ. ನಿದ್ದೆಗೂ ಅವಕಾಶ ಕೊಡುವ ಎಸ್‌ಆರ್‌ಸಿಯುವಿನಂಥ ತಮ್ಮಂದಿರು ಹುಟ್ಟಿಕೊಂಡದ್ದರಿಂದ ಈಗ ಯಾವಾಗ ಯಾವುದನ್ನು ಬಳಸಬೇಕೆಂದು ತಿಳಿಯುವುದೇ ಒಂದು ವಿದ್ಯೆ. ಬಲ್ಲವರ ಕೈಯಲ್ಲಿ ಅದ್ಭುತ, ಹೊಸಬರ ಕೈಯಲ್ಲಿ ಅಪಾಯ ಎಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ.

ಹೊಸಬರಿಗೆಂದೇ ಬಂದದ್ದು ‘ಡೆವ್‌ಎಂ’ ಪದ್ಧತಿ. ಟೆಜುನ್ ಹಿಯೊ ರೂಪಿಸಿದ ಇದು 2007ರ 2.6.21ರಲ್ಲಿ ಕರ್ನಲ್ ಸೇರಿತು. ಡ್ರೈವರ್ ಪಡೆಯುವ ಮೆಮೊರಿ, ಇಂಟರಪ್ಟ್ ಮೊದಲಾದುವನ್ನೆಲ್ಲ ಸಾಧನದ ಹೆಸರಿಗೆ ಬರೆದಿಟ್ಟರೆ, ಡ್ರೈವರ್ ಸಾಧನವನ್ನು ಬಿಟ್ಟಾಗ ಎಲ್ಲವೂ ತಾವಾಗಿಯೇ ತಿರುಗುಮುರುಗು ಕ್ರಮದಲ್ಲಿ ತೀರುತ್ತವೆ. ಗೋಟು ಮೆಟ್ಟಿಲು ಬೇಕಿಲ್ಲ. ಇಂಟರಪ್ಟಿನಂಥ ಸಾಧನದ್ದೇ ಆದ ಸಂಪನ್ಮೂಲಗಳಿಗೆ ಇದು ಒಪ್ಪುವ ವ್ಯವಸ್ಥೆ, ಸಾವಿರಾರು ಸಾಲುಗಳ ತಪ್ಪನ್ನು ತಪ್ಪಿಸಿದ ಪುಣ್ಯ ಅದಕ್ಕಿದೆ. ತೊಂದರೆ ಬರುವುದು ಬಳಕೆದಾರರ ಕೈಗೆ ಸಿಗುವ ವಸ್ತುವನ್ನೂ ಅದೇ ಖಾತೆಗೆ ಬರೆದಾಗ. ಪ್ರೋಗ್ರಾಂ ಸಾಧನವನ್ನು ತೆರೆದು ಕೂತಿದೆ, ಸಾಧನ ಕಿತ್ತುಹೋಯಿತು, ಡೆವ್‌ಎಂ ತನ್ನ ಪಟ್ಟಿ ನೋಡಿ ಎಲ್ಲ ಅಳಿಸಿತು, ಪ್ರೋಗ್ರಾಂ ನಂತರ ಫೈಲ್ ಮುಚ್ಚಲು ಬಂದರೆ ಅಲ್ಲಿ ಏನೂ ಇಲ್ಲ. ಈ ಸೀಮೆಯವರಿಗೆ ಇದರ ಅನ್ಯಾಯ ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದ್ದು ಅಣೆಕಟ್ಟಿನ ಲೆಕ್ಕದಲ್ಲಿ. ಸಾಗರ, ಹೊಸನಗರದ ಮುಳುಗಡೆ ಕುಟುಂಬಗಳಿಗೆ ಬೇರೆಡೆ ನೆಲ ತೋರಿಸಿದರು, ಹಕ್ಕುಪತ್ರದ ಲೆಕ್ಕ ಮಾತ್ರ ಹಿಂದೆ ಬಿತ್ತು. ಎಷ್ಟೋ ಮನೆಗಳು ನಿಂತ ನೆಲ ದಾಖಲೆಯಲ್ಲಿ ಕಾಡಾಗಿಯೇ ಉಳಿಯಿತು. ಯಾವುದರ ಕೊನೆಯನ್ನು ಯಾರ ವೇಳಾಪಟ್ಟಿಯಂತೆ ಗೊತ್ತುಮಾಡುತ್ತೇವೆ ಎಂಬುದೇ ಎರಡೂ ಕಡೆ ಮೂಲ ಪ್ರಶ್ನೆ.

ಲಾರೆಂಟ್ ಪಿಂಚಾರ್ಟ್ 2022ರ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಡೆವ್‌ಎಂ ಮೂಲಕ ಮೆಮೊರಿ ಪಡೆಯುವ ರೂಢಿಯೇ ಹಾನಿಕರ ಎಂದು ಬಹಿರಂಗವಾಗಿ ವಾದಿಸಿದರು. ಶೀರ್ಷಿಕೆ ಖಾರವಾಗಿತ್ತು, ಪೂರ್ತಿ ನ್ಯಾಯವಾಗಿರಲಿಲ್ಲ. ತಪ್ಪು ಡೆವ್‌ಎಂನದ್ದಲ್ಲ, ಎರಡು ಆಯುಷ್ಯಗಳನ್ನು ಒಂದಕ್ಕೆ ಗಂಟು ಹಾಕಿದ ನಮ್ಮದು. ಗಂಟು ಬಿಚ್ಚುವ ಬಗೆಯನ್ನು ಬಾರ್ತೋಷ್ ಗೊಲಾಶೆವ್ಸ್ಕಿ 2024ರಲ್ಲಿ ಚಿಪ್ಪಿನ ಪಿನ್ನುಗಳನ್ನು ನಿಭಾಯಿಸುವ ಜಿಪಿಐಒ ವಿಭಾಗವನ್ನು ತಿದ್ದಿ ಬರೆದು ತೋರಿಸಿದರು. ಅಲ್ಲಿ ಯಂತ್ರಾಂಶಕ್ಕೊಂದು, ಅದನ್ನು ಬಳಸುವವರ ಕೈಗೆ ಸಿಗುವುದಕ್ಕೊಂದು ಹೀಗೆ ಎರಡು ಆಬ್ಜೆಕ್ಟುಗಳಿವೆ. ಎರಡರ ನಡುವಿನ ಕೊಂಡಿಯನ್ನು ಎಸ್‌ಆರ್‌ಸಿಯು ಕಾಯುತ್ತದೆ. ಚಿಪ್ ಹೋದಾಗ ಕೊಂಡಿ ಕಳಚುತ್ತದೆ, ಬಳಕೆದಾರರ ಆಬ್ಜೆಕ್ಟ್ ಉಳಿಯುತ್ತದೆ. ಆಮೇಲೆ ಬಂದವರಿಗೆ ‘ಸಾಧನ ಇಲ್ಲ’ ಎಂಬ ಮರ್ಯಾದೆಯ ಉತ್ತರ ಸಿಗುತ್ತದೆ. ಬೆಂಗಳೂರಿನ ತಂಡ ಇಪ್ಪತ್ತು ವರ್ಷ ಹಿಂದೆ ಹಾಕಿಕೊಟ್ಟ ದಾರಿಯೇ ಇಲ್ಲಿ ಮತ್ತೆ ಕೈ ಹಿಡಿದಿದೆ.

ಈಚಿನ ಪ್ರಯತ್ನಗಳು ಶಿಸ್ತನ್ನು ಮನುಷ್ಯರಿಂದ ಕಂಪೈಲರಿಗೆ ದಾಟಿಸುವಂಥವು. ಪೀಟರ್ ಝೈಲ್‌ಸ್ಟ್ರಾ 2023ರ 6.5ರಲ್ಲಿ ತಂದ ಸೌಲಭ್ಯದಿಂದ ಸಿ ಭಾಷೆಯಲ್ಲೇ ‘ಈ ಆವರಣ ಮುಗಿದಾಗ ಈ ಲಾಕ್ ಬಿಡು, ಈ ಮೆಮೊರಿ ಬಿಡು’ ಎಂದು ಮೊದಲೇ ಬರೆದಿಡಬಹುದು. ಅನುಕೂಲ ದೊಡ್ಡದು. ಆದರೆ ಇದನ್ನೂ ಹಳೆಯ ಗೋಟುವನ್ನೂ ಒಂದೇ ಫಂಕ್ಷನ್ನಿನಲ್ಲಿ ಬೆರೆಸಿದರೆ ಅನರ್ಥ ಖಚಿತ. ಅಳತೆಗೋಲಿನಲ್ಲಿ ಇದು ಮೊದಲ ಪ್ರಶ್ನೆಗೇ ಸಿಕ್ಕ ಉತ್ತಮ ಉತ್ತರ, ಎರಡನೆಯದನ್ನು ಮುಟ್ಟುವುದಿಲ್ಲ. ಎರಡನೆಯದನ್ನು ಮುಟ್ಟುವುದು 2022ರ ಕೊನೆಗೆ 6.1ರಲ್ಲಿ ಕಾಲಿಟ್ಟ ರಸ್ಟ್ ಭಾಷೆ. ಯಾವುದು ಯಾರದು, ಎರವಲು ಪಡೆದವರು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದನ್ನು ಬರೆಯುವಾಗಲೇ ಹೇಳಬೇಕು. ಹೊಂದದಿದ್ದರೆ ಪ್ರೋಗ್ರಾಂ ಸಿದ್ಧವೇ ಆಗುವುದಿಲ್ಲ.

ರಸ್ಟ್ ಏಕೆ ಬೇಕು ಎಂಬುದಕ್ಕೂ, ಅದು ಏಕೆ ಸಾಲದು ಎಂಬುದಕ್ಕೂ ಆಂಡ್ರಾಯ್ಡಿನ ಬೈಂಡರ್ ಒಂದೇ ಉದಾಹರಣೆ ಸಾಕು. ಫೋನಿನಲ್ಲಿ ಒಂದು ಆ್ಯಪ್ ಇನ್ನೊಂದರ ಜೊತೆ, ವ್ಯವಸ್ಥೆಯ ಜೊತೆ ಮಾತಾಡುವುದು ಬೈಂಡರ್ ಮೂಲಕ. ಪ್ರತಿ ಥ್ರೆಡ್ಡಿಗೆ ಅಲ್ಲೊಂದು ಆಬ್ಜೆಕ್ಟ್, ಅದರ ಹೊಟ್ಟೆಯಲ್ಲೇ ಒಂದು ಕಾಯುವ ಸರದಿ. ಇಪೋಲ್ ಎಂಬ ಬೇರೊಂದು ವಿಭಾಗ ಆ ಸರದಿಯ ವಿಳಾಸವನ್ನು ಇಟ್ಟುಕೊಂಡಿರುತ್ತಿತ್ತು. ಥ್ರೆಡ್ ಹೊರಟಾಗ ಬೈಂಡರ್ ಆಬ್ಜೆಕ್ಟನ್ನು ಅಳಿಸುತ್ತಿತ್ತು, ಇಪೋಲಿಗೆ ಸುದ್ದಿಯೇ ಇಲ್ಲ. 2018ರ ಫೆಬ್ರವರಿಯಲ್ಲೇ ಮೂಲ ಕರ್ನಲ್ಲಿನಲ್ಲಿ ಇದನ್ನು ಸರಿಪಡಿಸಿದ್ದರು. ಆದರೆ 2019ರ ಅಕ್ಟೋಬರಿನಲ್ಲಿ ಗೂಗಲ್ಲಿನ ಮ್ಯಾಡಿ ಸ್ಟೋನ್ ಅದೇ ದೋಷವನ್ನು ಬಳಸಿ, ಆ ತಿದ್ದುಪಡಿ ತಲುಪದ ಫೋನುಗಳಿಗೆ ಕನ್ನ ಹಾಕಲಾಗುತ್ತಿದೆ ಎಂಬುದನ್ನು ಬಯಲಿಗೆ ತಂದರು. ಸಿವಿಇ-2019-2215 ಎಂದು ಆಗಷ್ಟೇ ಅದಕ್ಕೊಂದು ಸಂಖ್ಯೆ ಸಿಕ್ಕಿತು. ಈಚೆಗೆ ಬೈಂಡರನ್ನು ರಸ್ಟಿನಲ್ಲಿ ಹೊಸದಾಗಿ ಬರೆದು 6.18ರಲ್ಲಿ ಸೇರಿಸಿದರು. 2025ರ ಕೊನೆಯಲ್ಲಿ ಆ ರಸ್ಟ್ ಬೈಂಡರಿನಲ್ಲೂ ಒಂದು ದೋಷ ಹೊರಬಿತ್ತು. ‘ಇಲ್ಲಿ ಕಂಪೈಲರಿನ ಕಾವಲು ಬೇಡ, ಹೊಣೆ ನನ್ನದು’ ಎಂದು ಬರೆದವರು ಗುರುತಿಸಿದ ಒಂದು ತುಣುಕಿನಲ್ಲೇ ಅದು ಅಡಗಿತ್ತು. ಪಟ್ಟಿಯಿಂದ ಕಳಚುವ ಕೆಲಸ ಅದು. ಇನ್ನೊಬ್ಬರು ಅದೇ ಪಟ್ಟಿಯನ್ನು ಮುಟ್ಟುತ್ತಿರಲಾರರು ಎಂಬ ಊಹೆ ಹುಸಿಯಾಗಿತ್ತು. ಇದರಿಂದ ರಸ್ಟ್ ಸೋತಿತು ಎನ್ನುವುದು ಅವಸರ. ಹುಡುಕಬೇಕಾದ ಜಾಗ ಕೆಲವೇ ಸಾಲುಗಳಿಗೆ ಇಳಿದಿತ್ತು, ಅದೇ ಗೆಲುವು.

2019ರ ಆ ಪ್ರಸಂಗವನ್ನು ಮಲೆನಾಡಿನಿಂದ ನೋಡಿದರೆ ಇನ್ನೊಂದು ಮುಖವೂ ಕಾಣುತ್ತದೆ. ಅಪಾಯದಲ್ಲಿದ್ದ ಫೋನುಗಳ ಪಟ್ಟಿಯಲ್ಲಿ ಶವೋಮಿಯ ರೆಡ್ಮಿ 5ಎ, ರೆಡ್ಮಿ ನೋಟ್ 5 ಮುಂತಾದ ನಮ್ಮಲ್ಲಿ ಮನೆಮಾತಾದ ಮಾದರಿಗಳಿದ್ದವು. ಬೆಂಗಳೂರಿನ ಮಗ ಹೊಸ ಫೋನ್ ಕೊಂಡಾಗ ಹಳೆಯದು ತೀರ್ಥಹಳ್ಳಿಯ ಅಪ್ಪಯ್ಯನ ಕೈ ಸೇರುತ್ತದೆ. ಅಡಿಕೆ ಧಾರಣೆ ನೋಡುವುದು, ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸಿನಿಂದ ಬಂದ ದುಡ್ಡು ಖಾತೆಗೆ ಬಿತ್ತೇ ಎಂದು ಪರೀಕ್ಷಿಸುವುದು, ಯುಪಿಐನಲ್ಲಿ ಕೊನೆಗಾರರಿಗೆ ಕೂಲಿ ಕೊಡುವುದು ಎಲ್ಲ ಅದರಲ್ಲೇ. ತಯಾರಕರ ದೃಷ್ಟಿಯಲ್ಲಿ ಆ ಮಾದರಿಯ ಆಯುಷ್ಯ ಮುಗಿದಿದೆ, ಅಪ್‌ಡೇಟ್ ನಿಂತಿದೆ. ತೋಟದ ಮನೆಯಲ್ಲಿ ಅದು ಇನ್ನೂ ನಾಲ್ಕು ಮಳೆಗಾಲ ಬಾಳುತ್ತದೆ. ಕರ್ನಲ್ ಬರೆಯುವವರು ತಮ್ಮ ಕೋಡಿನಲ್ಲಿ ಕೇಳಲು ಕಲಿತ ಎರಡನೆಯ ಪ್ರಶ್ನೆಯನ್ನು ಅದನ್ನು ಮಾರುವ ಉದ್ಯಮ ಕೇಳಲೇ ಇಲ್ಲ. ಪ್ಯಾಚ್ ಬರೆದವರ ಕೆಲಸ ಎಷ್ಟೇ ಶುದ್ಧವಿರಲಿ, ಬಳಸುವವರ ಕೈ ತಲುಪದ ಪ್ಯಾಚನ್ನು ಅರ್ಧ ಕೆಲಸವೆಂದೇ ಪರಿಗಣಿಸಬೇಕು.

ಒಟ್ಟಿನಲ್ಲಿ ನನ್ನ ತೀರ್ಪು ಹೀಗಿದೆ. ಗೋಟು ಮೆಟ್ಟಿಲು, ಆವರಣ ಮುಗಿದಾಗ ತಾನಾಗಿ ಬಿಡುವ ಅದರ ಹೊಸ ರೂಪ ಎರಡೂ ಒಳ್ಳೆಯ ಗೃಹಕೃತ್ಯ, ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ಬಯಸಬಾರದು. ಎಣಿಕೆ ಪ್ರಾಮಾಣಿಕ, ಅಂಟಿಕೊಂಡು ನಿಲ್ಲುವ ಗುಣ ಬಂದ ಮೇಲೆ ನಂಬಿಕಸ್ಥ. ಡೆವ್‌ಎಂ ಯಂತ್ರಾಂಶದ ಸ್ವತ್ತಿಗೆ ಸರಿ, ಬಳಕೆದಾರರ ಕೈ ಸೇರುವುದಕ್ಕೆ ಸಲ್ಲದು. ರಸ್ಟ್ ಭರವಸೆ ಹುಟ್ಟಿಸುತ್ತದೆ, ತನ್ನ ಕಾವಲಿನ ಹೊರಗೆ ಬರೆದದ್ದಕ್ಕೆ ಹಳೆಯ ಎಚ್ಚರವನ್ನೇ ಬೇಡುತ್ತದೆ. ಇವೆಲ್ಲದರ ನಡುವೆ ವಿಚಾರವಾಗಿ ಎತ್ತರದಲ್ಲಿ ನಿಲ್ಲುವುದು ಆರ್‌ಸಿಯು. ಶಿವಮೊಗ್ಗೆಯಿಂದ ಸಾಗರದವರೆಗೆ ಎಂಜಿನಿಯರಿಂಗ್ ಓದುವ ಮಕ್ಕಳು ಡೆಡ್‌ಲಾಕ್, ಪೇಜಿಂಗ್ ಪಾಠಗಳನ್ನು ಪರೀಕ್ಷೆಗೆ ಉರು ಹೊಡೆಯುತ್ತಾರೆ. ಅದರ ಜೊತೆಗೆ ಕೆ-ಪ್ರೋಬ್ಸ್ ಕಡತದಲ್ಲಿ ಪ್ರೋಬ್ ಎಬ್ಬಿಸುವ ಒಂದು ಫಂಕ್ಷನ್ನನ್ನು ಮೇಷ್ಟರು ಸಾಲುಸಾಲಾಗಿ ಓದಿಸಲಿ, ಪ್ರತಿ ಸಾಲಿಗೂ ‘ಇದನ್ನು ಒಂದು ಸಾಲು ಮೇಲಕ್ಕೆ ಒಯ್ದರೆ ಯಾರ ಕೈ ಸುಡುತ್ತದೆ?’ ಎಂದು ಕೇಳಲಿ. ಕಡತ ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಿಲ್ಲ, ಬರೆದವರಲ್ಲಿ ಹಲವರು ಬೆಂಗಳೂರಿನಲ್ಲೇ ಕೂತು ಬರೆದವರು.